ಮೂರರ ಎಚ್ಚರ

ಪೋರ್ಟೊದ ಇಳಿಜಾರು ಬೀದಿಯಲ್ಲಿ
ಹತ್ತೊಂಬತ್ತು ವರ್ಷ ಹಿಟ್ಟು ನಾದಿದೆ.
ಹಿಟ್ಟೂ ನನ್ನೊಳಗೆ ಮನೆ ಮಾಡಿತು.
ಎಕ್ಸ್‌ರೇ ಬೆಳಕಿಗೆ ಹಿಡಿದು ಡಾಕ್ಟರು ಅಂದರು:
‘ಒಲೆ ಬಿಡಿ ಅದೆಲಿನೊ, ಇಲ್ಲವೇ ಉಸಿರು ಬಿಡಿ.’

ನಾಲ್ಕು ವರ್ಷದ ಓದಿಗೆ ನನ್ನಲ್ಲಿ ವರ್ಷವೆಲ್ಲಿ?
ಹುಳಿಹಿಟ್ಟು ಕಾಯುತ್ತದೆ, ಬಾಡಿಗೆ ಕಾಯುವುದಿಲ್ಲ.
ಹದಿನಾಲ್ಕೇ ವಾರ ಅಂದರು. ಸೇರಿಕೊಂಡೆ.

ಟೀಚರು ಬೆನೆದಿತಾ, ಮಗಳ ವಯಸ್ಸು.
ಮೊದಲ ವಾರ ಕೀಬೋರ್ಡಿನ ಮೇಲೆ
ಒಂದೊಂದು ಬೆರಳಿಗೆ ಎರಡೆರಡು ಅಕ್ಷರ.
ಆರನೇ ವಾರ ಬಚ್ಚಲಲ್ಲಿ
ನಲ್ಲಿ ತಿರುಗಿಸಿ ಅತ್ತೆ.
ಒಂಬತ್ತರಲ್ಲಿ ಪಕ್ಕದ ಟ್ಯಾಕ್ಸಿ ಡ್ರೈವರು
ಹೇಳದೆ ಕೇಳದೆ ಬಿಟ್ಟುಹೋದ.
ಹನ್ನೊಂದರಲ್ಲಿ, ಯಾರಿಗೂ ಕಾಣದ ತಪ್ಪೊಂದು
ನನ್ನ ಕೈಗೆ ಸಿಕ್ಕಿತು:
ಉಪ್ಪು ಮರೆತ ಬ್ರೆಡ್ಡಿನ ಹಾಗೆ,
ನೋಟಕ್ಕೆ ಸರಿ, ಬಾಯಿಗೆ ಸಪ್ಪೆ.

ಈಗ ಸರ್ವರುಗಳ ಕಾವಲು.
ನಿನ್ನೆ ರಾತ್ರಿ ಮೂರಕ್ಕೆ ಒಂದು ಮಲಗಿಬಿಟ್ಟಿತು.
ಹುಡುಗರು ಫೋನಿನಲ್ಲಿ ಆಕಳಿಸುತ್ತ ಬಂದರು.
ನಾನು ಎದ್ದೇ ಇದ್ದೆ,
ಮುಖ ತೊಳೆದು, ಕಾಫಿ ಕುಡಿದು,
ಅಂಗಿಯ ತೋಳು ಮೊಣಕೈವರೆಗೆ ಮಡಚಿ.

ಅದನ್ನು ಎಬ್ಬಿಸಿ ನಿಲ್ಲಿಸಿ ಕಿಟಕಿ ತೆರೆದೆ.
ಕೆಳಗಿನ ಬೀದಿಯಿಂದ
ಬೇರೆ ಯಾರದೋ ಬ್ರೆಡ್ಡಿನ ವಾಸನೆ.
ತುಸು ಸೀದಿತ್ತು.