ಕರಡು ತಿದ್ದುವಾಕಿ

ಅಂದಾನೆಪ್ಪನ ಪ್ರೆಸ್ಸಿನ ಹುಡುಗ ತಂದ ಕಟ್ಟು
ಮುಳಗುಂದ ನಾಕಾದಾಗ ಸೈಕಲ್ ಮ್ಯಾಲಿಂದ ಬಿದ್ದಿತ್ತಂತ.
ಹಾಳಿಗೆ ಅಂಕಿ ಹಾಕಿರಲಿಲ್ಲ ಯಾರೂ.
ಹಿಂಗಾಗಿ ಕೊಂದವ ಯಾರಂತ ನನಗ ಮೊದಲನೇ ಚಹಾಕ್ಕ ಗೊತ್ತಾತು,
ಸತ್ತವರು ಯಾರಂತ ಮಧ್ಯಾಹ್ನ ಊಟದ ಹೊತ್ತಿಗೆ.

ಆದರೂ ಅಂಜಿದೆ.
ಅದು ಆ ಕಾದಂಬರಿಯ ಕಸುವು. ಒಪ್ಪಿಕೋಬೇಕು.

ಅದರಾಗ ವತ್ಸಲಾ ಅಂತೊಬ್ಬಾಕಿ. ದಿನಾ ರಾತ್ರಿ
ಅಟ್ಟದ ಮೆಟ್ಟಿಲು ಎಣಸ್ತಾಳ. ಹದಿಮೂರು.
(ಅಂವ ಮೆಟ್ಟಿಲು ಅಂತ ಬರದಾನ. ನಮ್ಮಲ್ಲಿ ಪಾವಟಿಗಿ.)
ಗಂಡ ಅಂತಾನ, ಹನ್ನೆರಡು, ಯಾವತ್ತಿದ್ರೂ ಹನ್ನೆರಡ.
ಸಿಟ್ಟಿಲ್ಲ, ದನಿ ಏರ್ಸೂದಿಲ್ಲ,
ಹಾಲಿಗೆ ಸಕ್ಕರಿ ಹಾಕಿ ತಿರುವಿಕೋತ ಅಂತಾನ.
ಮರುದಿನ ಆಕಿ ಎಣಿಸಿದ್ರ ಹನ್ನೆರಡು.
ಇಷ್ಟ. ರಕ್ತ ಇಲ್ಲ, ಬಾಗಲಾ ಕಿರ್ ಅನ್ನೂದಿಲ್ಲ.
ನಾ ಕೆಂಪು ಪೆನ್ನು ಕೆಳಗಿಟ್ಟು
ನಮ್ಮನಿ ಪಾವಟಿಗಿ ಎಣಿಸಿ ಬಂದೆ. ಏಳು.
ಮತ್ತೊಮ್ಮೆ ಎಣಸಾಕ ಧೈರ್ಯ ಸಾಲಲಿಲ್ಲ.
ಬಾಜೂ ಮನ್ಯಾಗ ಮಗ್ಗ ಬಡೀತಿತ್ತು.
ಬೆಟಗೇರ್ಯಾಗ ಅದು ಉಸಿರಾಡಿದಂಗ, ಯಾರೂ ಕೇಳೂದಿಲ್ಲ.
ಆವತ್ತು ಒಂದೇಟು ತಪ್ಪಿತು. ಇಲ್ಲಾ ನನ್ನ ಕಿವಿ ತಪ್ಪಿತು.

ಇನ್ನ ಕೆಲಸದಾಕಿ.
ಐದು ಅಧ್ಯಾಯ ಭಾಂಡೆ ತಿಕ್ಕಿದಳು,
ಮನಿಯೊಳಗ ಖರೇ ಗೊತ್ತಿದ್ದಾಕಿ ಆಕಿ ಒಬ್ಬಾಕಿನ.
ಕತಿ ಎಲ್ಲೋ ಹುದಲಾಗ ಸಿಕ್ಕಿತ್ತು ಅಂತ ಕಾಣಸ್ತದ,
ಬಾವ್ಯಾಗ ನೂಕಿಬಿಟ್ಟ, ಗಾಡಿ ಮುಂದ ಹೋತು.
ಹೆಸರಿರಲಿಲ್ಲ ಆಕಿಗೆ.
ಎಲ್ಲೋ ಬಿಟ್ಟುಹೋಗಿರಬೇಕಂತ
ಮೂರು ಸಲ ಹಾಳಿ ತಿರುವಿ ನೋಡಿದೆ.

ಕಡೀ ಫಾರಮ್ಮಿನ್ಯಾಗ ಡಾಕ್ಟರ್ ಬರ್ತಾನ.
ಹುಬ್ಬಳ್ಳಿಯಿಂದ, ಕಾರ್ ಮಾಡಿಕೊಂಡು.
ಹದಿನಾರು ಪುಟ ಮಾತಾಡ್ತಾನ.
ವತ್ಸಲಾಗ ಸಣ್ಣಾಕಿದ್ದಾಗ ಹಿಂಗಾಗಿತ್ತು, ಅದಕ್ಕ ಈಗ ಹಂಗಾತು,
ಅದಕ್ಕೊಂದು ಇಂಗ್ಲಿಷ್ ಹೆಸರು.
ಚೀಟಿ ಹಚ್ಚಿದ ಬಾಟ್ಲಿ ಹಂಗ
ಕಪಾಟಿನ್ಯಾಗ ನಿಂತುಬಿಟ್ಟಳು ವತ್ಸಲಾ.
ಕರೆಂಟು ಬಂದಂಗಾತು.
ಅಷ್ಟೊತ್ತು ಕತ್ತಲಾಗ ನಾ ಯಾರ ಕೈ ಹಿಡಕೊಂಡಿದ್ನೋ
ಅದು ಬರೇ ಕುರ್ಚಿ.

ಒಂದು ಫಾರಮ್ಮಿಗೆ ಅರವತ್ತು ರೂಪಾಯಿ ನನಗ.
ದೀರ್ಘ, ಒತ್ತು, ಅಲ್ಪಪ್ರಾಣ, ಮಹಾಪ್ರಾಣ, ಅಷ್ಟ ನನ್ನ ಕೆಲಸ.
ಸುಳ್ಳು ತಿದ್ದೂಹಂಗಿಲ್ಲ.
ಒಮ್ಮೆ ಹದಿಮೂರು, ಒಮ್ಮೆ ಹನ್ನೆರಡು
ಅಂತ ಸುತ್ತು ಹಾಕಿ ಕಳಿಸಿದ್ದಕ್ಕ
ಅಂದಾನೆಪ್ಪ ಫೋನಿನ್ಯಾಗ ನಕ್ಕಿದ್ದ,
'ಅಕ್ಕಾರ, ಅದ ಕತಿ, ಮುಟ್ಟಬ್ಯಾಡ್ರಿ.'

ಡಾಕ್ಟರ್ ಎಲ್ಲಾ ಬಿಡಿಸಿ ಹೇಳಿ, ಬ್ಯಾಗ್ ತಗೊಂಡು
ಅಟ್ಟದಿಂದ ಇಳೀತಾನ.
'ಹದಿನಾಲ್ಕು ಮೆಟ್ಟಿಲು ಇಳಿದು' ಅಂತ ಅಚ್ಚಾಗೇತಿ.
ಬರದವಂದೋ,
ನಿದ್ದಿಗಣ್ಣಾಗ ಟೈಪು ಹೊಡದ ಹುಡುಗಂದೋ.
ಅಂಚಿಗೆ ಪ್ರಶ್ನೆ ಹಾಕಿದೆ.
ರಬ್ಬರ್ ಹುಡುಕಿ ಅಳಿಸಿದೆ.
ಕಟ್ಟು ಕಟ್ಟಿ ಹುಡುಗನ ಕೈಗೆ ಕೊಟ್ಟು
ಬಾಗಲದಾಗ ನಿಂತೆ,
ಅಂವ ಪಾವಟಿಗಿ ಇಳಿಯೂದು ಕೇಳಿಕೋತ.