ಯಾವ ಕಡೆ?

ಮೂರನೇ ಕೊಳವೆಗೆ ಇವತ್ತು ಇಳಿಸಿದ್ದು
ಬಿಳಿ ಫೈಬರ್ ಕೋಲು, ನನಗಿಂತ ಒಂದು ಗೇಣು ಉದ್ದ.
ಹೊಟ್ಟೆಯಲ್ಲಿ ಬ್ಯಾಟರಿ, ಬಾಲಕ್ಕೆ ಕೇಬಲ್ಲು,
ಕೇಬಲ್ಲಿಗೆ ಮೀಟರಿಗೊಂದು ಕೆಂಪು ಟೇಪು.
ರಾಟೆ ತಿರುಗಿಸುವವರು ಅಯ್ಯಾಕಣ್ಣು,
ಎಣಿಸುವವಳು ನಾನು.

ನಿಟ್ಟೂರು ದಾಟಿ, ಜೀಪು ಏದುಸಿರು ಬಿಡುವ ಏರು ಮುಗಿದಲ್ಲಿ
ಈ ಗುಡ್ಡ. ನಕ್ಷೆಯಲ್ಲಿ ಇದಕ್ಕೆ ಹೆಸರಿಲ್ಲ, ಎತ್ತರವಷ್ಟೇ.
ಎಮ್ಮೆ ಅಟ್ಟಿಕೊಂಡು ಬರುವ ಹೂವಮ್ಮ ಮಾತ್ರ
ಚೌಡಿಗುಡ್ಡೆ ಅನ್ನುತ್ತಾಳೆ; ದಿನಾ ಕೇಳುತ್ತಾಳೆ:
"ನಿಧಿ ಸಿಕ್ತನೇ ಹುಡ್ಗೀ?"
ಇಲ್ಲ ಹೂವಮ್ಮ, ಬಿರುಕು ಹುಡುಕ್ತಿದೀವಿ.
"ಬಿರುಕು ಹುಡುಕೋಕೆ ಇಷ್ಟು ದೂರ ಬರ್ಬೇಕಿತ್ತಾ?"

ಮೊದಲ ಎಂಟು ಮೀಟರು ಜಂಬಿಟ್ಟಿಗೆ, ಆಮೇಲೆ ಶೇಡಿ.
ಅಲ್ಲಿ ರೇಡಾರಿನ ಮಾತು ನಡೆಯುವುದಿಲ್ಲ,
ಹಸಿ ಮಣ್ಣು ಅಲೆಯನ್ನು ನುಂಗಿ ಬಾಯಿ ಒರೆಸಿಕೊಳ್ಳುತ್ತದೆ.
ಹದಿನಾಲ್ಕಕ್ಕೆ ಕಲ್ಲು ಶುರು. ಬಿಗಿ ಕಲ್ಲು, ಒಣ ಕಲ್ಲು,
ಹುಲ್ಲು ಹುಟ್ಟುವ ಮುಂಚಿನದ್ದು.
ಬೆಳಕಿನ ಈ ಕುರುಡು ತಂಗಿಯನ್ನು ಅದು ಒಳಗೆ ಬಿಟ್ಟುಕೊಳ್ಳುತ್ತದೆ,
ನ್ಯಾನೊಸೆಕೆಂಡಿಗೆ ಅರ್ಧ ಗೇಣು;
ಎಲ್ಲಾದರೂ ಕಲ್ಲು ಮನಸ್ಸು ಬದಲಿಸಿದ್ದರೆ
ಅಲ್ಲಿಂದ ಒಂದಿಷ್ಟು ವಾಪಸ್ಸು.
ನನ್ನ ಸಂಬಳ ಇರುವುದು ಆ ಒಂದಿಷ್ಟರಲ್ಲಿ.

ನಲವತ್ತೊಂದನೇ ಟೇಪು ಕೊಳವೆಯ ಬಾಯಿ ದಾಟಿದಾಗ
ಪರದೆಯ ಬೂದಿಯಲ್ಲಿ ಓರೆಯಾಗಿ ಒಂದು ಗೆರೆ.
"ಹನ್ನೊಂದು ಮೀಟರ್ ದೂರ," ಅಂದೆ.
"ಯಾವ ಕಡೆ?" ಅಂದರು ಅಯ್ಯಾಕಣ್ಣು.

ಅದು ಗೊತ್ತಿಲ್ಲ.
ಈ ಕೋಲು ಸುತ್ತಲೂ ಒಂದೇ ಸಮ ಕೂಗುತ್ತದೆ,
ಸುತ್ತಲೂ ಒಂದೇ ಸಮ ಕೇಳುತ್ತದೆ.
ದೂರ ಹೇಳುತ್ತದೆ, ದಿಕ್ಕು ಹೇಳುವುದಿಲ್ಲ.

ಕಿವಿಯ ಮೇಲಿನ ಬೀಡಿ ತೆಗೆದು ನಕ್ಕರು.
"ಹಾಗಾದ್ರೆ ಇದೂ ನನ್ ಥರಾನೇ ಮೇಡಂ."

ಇಪ್ಪತ್ತಾರು ವರ್ಷದ ಕಂಪ್ರೆಸರು
ಅವರ ಎಡಗಿವಿಯನ್ನು ಕೊರೆದು ಮುಗಿಸಿದೆ.
ಕರೆದರೆ ಕೇಳುತ್ತದೆ; ಎಲ್ಲಿಂದ ಅಂತ ತಿಳಿಯುವುದಿಲ್ಲ.
ಅದಕ್ಕೇ, ಊಟಕ್ಕೆ ಕೂಗಿದರೆ
ಮೊದಲು ಕಣಿವೆ ನೋಡುತ್ತಾರೆ, ಆಮೇಲೆ ಮತ್ತಿಮರ, ಆಮೇಲೆ ಲಾರಿ,
ಪೂರ್ತಿ ಒಂದು ಸುತ್ತು ಹಾಕಿ
ಕೊನೆಗೆ ನನ್ನನ್ನು, ಕೈಯಲ್ಲಿ ತಟ್ಟೆ ಹಿಡಿದವಳನ್ನು.
ಎರಡು ತಿಂಗಳು ನಾನದನ್ನು
ಗತ್ತು ಅಂದುಕೊಂಡಿದ್ದೆ.

ನಮಗೆ ಇನ್ನೊಂದು ಕಿವಿ ಬೇಕಿತ್ತು.
ಇಪ್ಪತ್ತು ಹೆಜ್ಜೆ ಆಚೆ ನಾಲ್ಕನೇ ಕೊಳವೆ, ಒಂಬತ್ತು ದಿನ.
ವಜ್ರದ ಬಿಟ್ಟು ತಿರುಗುವಾಗ ರಾಡಿಗೆ ಅಂಗೈ ಇಟ್ಟು ನಿಲ್ಲುತ್ತಾರೆ,
ಒದೆಯುವ ಹಸುವಿನ ಪಕ್ಕೆಗೆ ಕೈಯಿಟ್ಟು ನಿಂತ ಹಾಗೆ.
"ಈಗ ಗಟ್ಟಿ" ಅಂದರೆ ಪೆಟ್ಟಿಗೆಗೆ ಮೊಳದುದ್ದದ ನುಣುಪು ತುಂಡು.
"ಈಗ ಸಡಿಲ" ಅಂದರೆ ಚೂರು.
ಆ ಅಂಗೈಯಿಂದ ಯಾರೂ ಪ್ರಿಂಟ್‌ಔಟ್ ಕೇಳಿಲ್ಲ.

ಹತ್ತನೇ ದಿನ ಒಂದರಲ್ಲಿ ಕೂಗುವ ಕೋಲು, ಇನ್ನೊಂದರಲ್ಲಿ ಕೇಳುವ ಕೋಲು.
ಅಲೆ ಬಂತು. ತಡವಾಗಿ ಬಂತು.
ತಡ ಅಂದರೆ ಹೆಚ್ಚಾಗಿ ನೀರು;
ಕಲ್ಲಿನೊಳಗೆ ಅಲೆಯ ಕಾಲು ಹಿಡಿಯುವುದು ಅದೇ.
ಆಮೇಲೆ ಒಂದೊಂದನ್ನೇ ಕೇಳಿದೆ.
ಮೂರು ಹೇಳಿತು ಹನ್ನೊಂದು. ನಾಲ್ಕು ಹೇಳಿತು ಮೂರು.
ಎರಡು ಬಾಯಿಗಳ ನಡುವೆ ಟೇಪು ಹಿಡಿದರೆ ಹದಿನಾಲ್ಕು.
ಜಾರಿಕೊಳ್ಳಲು ಬೇರೆ ಜಾಗ ಉಳಿಯಲಿಲ್ಲ ಅದಕ್ಕೆ.

ಅಳೆದು ಸುಣ್ಣ ಹಾಕಿದೆ.
ಸುಣ್ಣ ಬಿದ್ದದ್ದು ಟಾರ್ಪಾಲಿನ ಕೆಳಗೆ,
ಅಯ್ಯಾಕಣ್ಣು ಚಾಪೆಯ ತಲೆಭಾಗಕ್ಕೆ.

ಜನರೇಟರ್ ಸದ್ದು ತಾಳದೆ ಅವರು ಮಲಗುವುದು
ಒಳ್ಳೆಯ ಕಿವಿ ಕೆಳಗೆ ಮಾಡಿ, ಸತ್ತ ಕಿವಿ ಮೇಲೆ ಮಾಡಿ.
ಅಂದರೆ ನಾನು ದಿಕ್ಕು ಹುಡುಕಿದ ಇಷ್ಟೂ ರಾತ್ರಿ
ಕೇಳುವ ಕಿವಿಯೊಂದು
ನೆಟ್ಟಗೆ ಅದರ ಕಡೆಗೇ ಇತ್ತು.

"ಏನಾದ್ರೂ ಕೇಳ್ತಿತ್ತಾ?" ಅಂದೆ, ಬಲಕ್ಕೆ ಬಂದು ನಿಂತು.
ಚಾಪೆ ಕೊಡವಿ ಸುತ್ತಿದರು.
"ನನ್ ರಕ್ತದ ಸದ್ದು," ಅಂದರು. "ಎಲ್ಲಾರ್ಗೂ ಅಷ್ಟೇ ಅಲ್ವಾ?"

ರಿಜಿಸ್ಟರಿನಲ್ಲಿ ಹತ್ತು ದಿನ ಖಾಲಿಯಿದ್ದ ಖಾನೆಗೆ
ಪೂರ್ವ ಅಂತ ಬರೆದು ಸಹಿ ಮಾಡಿದೆ.
ಟಾರ್ಪಾಲು ಬಿಚ್ಚಿದ ಜಾಗದಲ್ಲಿ
ಸಂಜೆಗೆ ಹೂವಮ್ಮನ ಎಮ್ಮೆ ಸುಣ್ಣ ತುಳಿದು
ಅರ್ಧ ಗುರುತನ್ನು ತನ್ನ ಗೊರಸಿನಲ್ಲಿ ಮನೆಗೆ ಒಯ್ದಿತು.