ಕೈಯಾಗ ಇದ್ದದ್ದು

ಗಂಗಾವತಿಯ ರೈಸ್‌ಮಿಲ್ಲಿನಾಗ ಇಪ್ಪತ್ತೆರಡು ವರ್ಷ
ಭತ್ತದ ಹಸಿ ನೋಡೀನಿ ನಾನು, ಹುಸೇನಪ್ಪ.
ಚೀಲಕ್ಕ ದಪ್ಪ ಸೂಜಿ ಚುಚ್ಚಿ
ಒಂದು ಹಿಡಿ ಕಾಳು ಹೊರಗ ತಗದು
ಮೀಟರಿಗೆ ಹಾಕಿ ನಂಬರು ಒದರತೀನಿ.
ಹದಿನಾಲ್ಕು ಬಂದ್ರ ರೈತ ಎಲಿ ಅಡಕಿ ಕೊಡತಾನ,
ಹತ್ತೊಂಬತ್ತು ಬಂದ್ರ ನನ್ನ ಮೊಮ್ಮಕ್ಕಳತನಕ ಬೈತಾನ.
"ರಾತ್ರಿ ಇಬ್ಬನಿ ಬಿತ್ತಣ್ಣ, ನಮ್ಮ ಕೈಯಾಗೇನೈತಿ?"
"ಒಣಗಿಸಬೇಕಿತ್ತಲ್ಲ" ಅಂತೀನಿ.
ರೇಟು ಕಡೀತೀನಿ.

ಈಗ ನನಗೂ ಒಬ್ಬಾಕಿ ಹಂಗ ಬರೀತಾಳ.
ಸರ್ಕಾರಿ ದವಾಖಾನಿ ಡಾಕ್ಟರಮ್ಮ, ನನ್ನ ಮಗಳ ವಾರಗಿಯಾಕಿ,
ಚೀಟಿ ನೋಡಿ, ಕನ್ನಡಕ ಏರಿಸಿ:
"ಎರಡುನೂರ ಎಂಬತ್ತು. ಕಂಟ್ರೋಲೇ ಇಲ್ಲಲ್ರಿ.
ಎಲ್ಲಾ ನಿಮ್ಮ ಕೈಯಾಗೇ ಐತಿ."
ನಾ ನನ್ನ ಕೈ ನೋಡಿಕೊಂಡೆ.
ಉಗುರಸಂದಿಗೆ ತೌಡು ಮೆತ್ತಿತ್ತು.

ನಮ್ಮವ್ವ ಹಂಗಂತಿರಲಿಲ್ಲ.
ಎಡಗಾಲಿನ ಎರಡು ಬೆರಳು ತಗದ ದಿನ
"ಹಣ್ಯಾಗ ಬರದದ್ದು ಕಾಲಾಗ ಬಂತು" ಅಂದು
ಒಂದು ಲೋಟ ಚಾ ಕೇಳಿ ಕುಡದಿದ್ದಳು,
ಸಕ್ರಿ ಜಾಸ್ತಿ ಹಾಕಿಸಿಕೊಂಡು.
ಆಕಿ ಮುಖದಾಗ ಅವತ್ತು ಎಂಥಾ ಸಮಾಧಾನ!
ನನಗದು ಬರೂದಿಲ್ಲ.
ಹುಲಿಗೆಮ್ಮ, ನನ್ನ ಹೆಂಡತಿ,
ಹಣೆಬರಕ್ಕೂ ಬಿಡೂದಿಲ್ಲ, ನನಗೂ ಬಿಡೂದಿಲ್ಲ:
"ಅನ್ನ ಮಾಡಾಕಿ ನಾನು, ರೊಟ್ಟಿ ಬಡಿಯಾಕಿ ನಾನು,
ನಿನ್ನ ಶುಗರು ನನ್ನ ಕೈಯಾಗೈತಿ, ಸುಮ್ಕ ಉಣ್ಣು."
ಊರೂರಿಗೆ ಸೋನಾ ಮಸೂರಿ ಹೋಗತೈತಿ ನನ್ನ ಕಣ್ಣ ಮುಂದ,
ನನ್ನ ತಾಟಿನಾಗ ಒಂದು ಹಿಡಿ.
ಅದೂ ಆಕಿ ಹಿಡಿ, ಸಣ್ಣದು.

ಲೆಕ್ಕಕ್ಕ ಬಗ್ಗೂದಿಲ್ಲ ಇದು.
ತಂಗಿ ಮಗನ ನಿಶ್ಚೇದಾಗ ಮೂರು ಹೋಳಿಗಿ ತಿಂದ ಮರುದಿನ
ನೂರಾ ಮೂವತ್ತಾರು.
ತಿಂಗಳಗಟ್ಟಲೆ ಕಾಲುವಿ ದಂಡಿ ಹಿಡಿದು ನಡದು
ನಾಲಿಗಿ ಕಟ್ಟಿಕೊಂಡ ಮ್ಯಾಲ ಎರಡುನೂರ ಹತ್ತು.
ಕಾಂಟಾ ತೂಗುವ ಖಾಜಾಸಾಬ ನಗತಾನ:
"ಮಿಷಿನ್ನಿಗೂ ಏನಾರ ಕೊಡಬೇಕು ಭಾಯಿ."

ನಿನ್ನೆ ಸಂಜೀಗೆ ಮನ್ಯಾಗ ಬೆರಳು ಚುಚ್ಚಿದೆ.
ಮುನ್ನೂರ ನಲವತ್ತು.
ಎದಿ ಧಸಕ್ಕಂತು. ಅವ್ವನ ಕಾಲು ನೆನಪಾತು.
ಹುಲಿಗೆಮ್ಮ ನನ್ನ ಬೆರಳು ಹಿಡಿದು
ಆಕಳು ಕರುವಿನ ಮೈ ಮೂಸಿದಂಗ ಮೂಸಿದಳು.
"ಮೊಮ್ಮಗಳಿಗೆ ಬೆಲ್ಲ ಕುಟ್ಟಿ ಕೊಟ್ಟಿಯಲ್ಲ,
ಕೈ ತೊಳದಿಯೇನು?"
ತೊಳದು, ಒರೆಸಿ, ಬ್ಯಾರೆ ಬೆರಳು.
ನೂರಾ ಎಪ್ಪತ್ತೊಂದು.
ಇಬ್ಬರೂ ಬಿದ್ದು ಬಿದ್ದು ನಕ್ಕಿವಿ.
ಆಕಿ ಇನ್ನೂ ನಗತಿದ್ದಳು, ನಾ ನಿಲ್ಲಿಸಿದೆ.
ಡಾಕ್ಟರಮ್ಮ ಅಂದದ್ದು ಖರೇ, ಕೈಯಾಗೇ ಇತ್ತು.
ಉಳಿದ ನೂರಾ ಎಪ್ಪತ್ತೊಂದರಾಗ
ನನ್ನದೆಷ್ಟು, ಅವ್ವಂದೆಷ್ಟು,
ಇಬ್ಬನಿದೆಷ್ಟು?

ಇವತ್ತು ಮುಂಜಾನೆ ಕಾರಟಗಿ ಕಡೆಯಿಂದ ಒಂದು ಟ್ರ್ಯಾಕ್ಟರು.
ಹೆಣ್ಣುಮಗಳೊಬ್ಬಾಕಿ ಚೀಲದ ಮ್ಯಾಲೇ ಕುಂತು ಬಂದಾಳ.
ಹದಿನೆಂಟು.
ಬಾಯಿತನಕ ಬಂದಿತ್ತು ಅದೇ ಮಾತು.
ಟವೆಲಿನಿಂದ ಮೀಟರಿನ ಬಟ್ಟಲ ಒರೆಸಿದೆ,
ಕೈನೂ ಒರೆಸಿಕೊಂಡೆ.
"ಇನ್ನೊಂದು ಚೀಲ ತೋರಿಸವ್ವ."
ಹದಿನೇಳೂವರಿ.
"ಇಷ್ಟೇನಾ?" ಅಂದಳು.
ಇಷ್ಟ, ಅಂದೆ.